ಬೋರಲಿಂಗನ ಗುರುವಾರ

ಸೀದ ಸಾಸಿವೆಯ ವಾಸನೆ ಎಲ್ಲಿಂದಾದರೂ ತೇಲಿ ಬಂದರೆ, ಅಮ್ಮನ ಸೆರಗು ಹಿಡಿದು ಜೈಲಿಗೆ ಹೋದದ್ದು ನನಗೆ ಈಗಲೂ ನೆನಪಾಗುತ್ತದೆ. ನನಗಾಗ ಹಾಲುಹಲ್ಲು ಬೀಳುವ ವಯಸ್ಸು. ನಮ್ಮ ಕರುವನ್ನು ಒಬ್ಬ ಹೊಡೆದುಕೊಂಡು ಹೋಗಿ ಮಾರಿದ್ದ. ಸಿಕ್ಕಿಬಿದ್ದ ಮೇಲೆ ಅವನಿಗೆ ಒಂದು ತಿಂಗಳ ಶಿಕ್ಷೆಯಾಯಿತು. ಕಳೆದುಕೊಂಡವರು ಶಿಕ್ಷೆಯ ಮೊದಲ ದಿನವನ್ನು ತಾವು ತೆಗೆದುಕೊಳ್ಳುವುದು ನಮ್ಮೂರಿನ ಮರ್ಯಾದೆ. ಹಾಗಾಗಿ ಅಮ್ಮ ಬೆಳಿಗ್ಗೆಯೇ ತಲೆ ಬಾಚಿಕೊಂಡು, ಬಿಡಿಸಬೇಕಾದ ಅವರೆಕಾಯಿಯನ್ನು ಚೀಲಕ್ಕೆ ತುಂಬಿಕೊಂಡು, ನನ್ನನ್ನೂ ಕರೆದುಕೊಂಡು ಹೋಗಿ ಒಳಗೆ ಕೂತಳು. ಮಧ್ಯಾಹ್ನ ಗಂಟೆ ಹೊಡೆದಾಗ ಕರು ಕದ್ದವನು ಗೇಟಿನ ಕಿಂಡಿಯೊಳಗೆ ಬುತ್ತಿ ಚಾಚಿದ. ಸಾರಿನ ಮೇಲೆ ಇದ್ದಲಿನಂಥ ಸಾಸಿವೆ ತೇಲುತ್ತಿತ್ತು. ಅಮ್ಮ ಒಂದು ತುತ್ತು ತಿಂದು, "ಎಣ್ಣೆ ಅಷ್ಟೊಂದು ಹೊಗೆ ಏಳೋ ತನಕ ಬಿಡಬಾರದಪ್ಪ" ಎಂದಳು. ಅವನು ತಲೆಯಾಡಿಸಿದ. ಎರಡನೆಯ ತುತ್ತಿಗೆ, ಕರುವಿನ ಹೆಸರು ಗೌರಿ ಎಂದು ಹೇಳಿದಳು. ಅವನು ತಲೆ ಎತ್ತಲಿಲ್ಲ.

ನಮ್ಮೂರಿನಲ್ಲಿ ಶಿಕ್ಷೆ ಕೊಡುವವರು ನ್ಯಾಯಾಧೀಶರು, ಕೂರುವವರು ನಾವು. ಎರಡು ತಿಂಗಳೆಂದರೆ ಎರಡು ತಿಂಗಳು ಯಾರಾದರೊಬ್ಬರು ಒಳಗಿರಬೇಕು, ಅಷ್ಟೆ. ಜೈಲರ್ ಹತ್ತಿರ ಹೋಗಿ, ಇಂಥವನದು ಇಂಥ ದಿನ ನನಗಿರಲಿ ಎಂದರೆ ಆಯಿತು. ಒಳಗೆ ಒಂದು ಕೋಣೆ, ಒಂದು ಜಗಲಿ, ಒಂದು ಬೇವಿನ ಮರ. ಅಡುಗೆಮನೆ ಮಾತ್ರ ಇಲ್ಲ. ಗೇಟಿನ ಮೇಲೆ ಹಳೆಯ ಹಲಗೆಯೊಂದಿದೆ: "ಯಾರ ದೆಸೆಯಿಂದ ಒಳಗಿರುವರೋ ಅವರು ಬೇಯಿಸಿ ಹೊತ್ತು ತಂದ ಬುತ್ತಿ ಮಾತ್ರ." ಹೀಗಾಗಿ ನಮ್ಮ ಕಳ್ಳರಿಗೆಲ್ಲ ಅಡುಗೆ ಬರುತ್ತದೆ. ಬಸ್ ನಿಲ್ದಾಣದ ಎದುರಿಗಿರುವ ಒಳ್ಳೆಯ ಹೋಟೆಲು ಒಬ್ಬ ಹಳೆಯ ಜೇಬುಗಳ್ಳನದು. ಹೆಣ್ಣು ನೋಡಲು ಬಂದವರು ಹುಡುಗ ಚೆನ್ನಾಗಿ ಅಡುಗೆ ಮಾಡುತ್ತಾನೆ ಎಂದರೆ, ಎಲ್ಲಿ ಕಲಿತ ಎಂದು ಕೇಳದೆ ನಾವು ಕಾಫಿ ಕೊಡುವುದಿಲ್ಲ.

ಇಂಥ ಊರಿಗೆ ಮೇದಿನಿ ಬಂದಳು. ದೂರದ ವಿಶ್ವವಿದ್ಯಾಲಯವೊಂದರಲ್ಲಿ ಅಪರಾಧಶಾಸ್ತ್ರದ ಎಂ.ಎ. ಓದುತ್ತಿದ್ದ ಹುಡುಗಿ. ನಾನು ಬಿ.ಎ. ಮಾಡಿದ ಕಾಲದಲ್ಲಿ ಅಂಥದ್ದೊಂದು ಶಾಸ್ತ್ರವಿದೆಯೆಂದೇ ನಮಗೆ ಗೊತ್ತಿರಲಿಲ್ಲ. ಖಾಲಿಯಿದ್ದ ಮಹಡಿಯ ಕೋಣೆಯನ್ನು ಅವಳಿಗೆ ಕೊಟ್ಟೆ. ಮೊದಲ ಸಂಜೆಯೇ ಅವಳು ತನ್ನ ಕಷ್ಟ ಹೇಳಿಕೊಂಡಳು. ಕಳೆದ ವರ್ಷ ಅವಳ ಪ್ರಾಜೆಕ್ಟು ಬಸ್ಸುಗಳಲ್ಲಿ ಜೇಬುಗಳ್ಳತನದ ಬಗ್ಗೆ ಇತ್ತಂತೆ. ಊರೂರು ಸುತ್ತಿ ಪ್ರಶ್ನಾವಳಿ ತುಂಬಿಸಿಕೊಂಡು ವಾಪಸು ಬರುವಾಗ ಬಸ್ಸಿನಲ್ಲಿ ಯಾರೋ ಆ ಚೀಲವನ್ನೇ ಎತ್ತಿಕೊಂಡು ಹೋದರಂತೆ.

ನಾನು ನಗಬಾರದೆಂದು ಬಹಳ ಪ್ರಯತ್ನಪಟ್ಟೆ. "ನಗಿ ಅಜ್ಜಿ, ಪರವಾಗಿಲ್ಲ. ನಮ್ಮ ಗೈಡ್ ಸರೂ ನಕ್ಕರು. ನಕ್ಕು ಫೇಲ್ ಮಾಡಿದರು" ಎಂದಳು. ಈ ಸಲ ಯುಗಾದಿಯೊಳಗೆ ಪ್ರಾಜೆಕ್ಟು ಒಪ್ಪಿಸದಿದ್ದರೆ ಹೆಸರನ್ನೇ ಹೊಡೆದುಹಾಕುತ್ತಾರೆ, ಎಂ.ಎ. ಅಲ್ಲಿಗೆ ಮುಗಿಯಿತು. ವಿಷಯ, "ಸೆರೆವಾಸವು ಬಂಧಿಯ ಮನಸ್ಸಿನ ಮೇಲೆ ಬೀರುವ ಪರಿಣಾಮ."

ಮರುದಿನ ಅವಳನ್ನು ಜೈಲಿಗೆ ಕರೆದುಕೊಂಡು ಹೋದೆ. ಜೈಲರ್ ಪುಟ್ಟರಂಗಪ್ಪ ಬಿರುಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್ ಸುತ್ತಿಕೊಳ್ಳುವ, ಕಾನೂನೆಂದರೆ ಬಹಳ ಆಸೆಯ ಮನುಷ್ಯ. ಆಗ ನಡೆಯುತ್ತಿದ್ದದ್ದು ಬೋರಲಿಂಗನ ಶಿಕ್ಷೆ. ಬೋರಲಿಂಗ ನಮ್ಮ ಬೀದಿಯ ಕೊಳಾಯಿ ರಿಪೇರಿಯವನು. ಒಂದು ರಾತ್ರಿ ಕಲ್ಲುಬಾವಿ ಬೀದಿಯುದ್ದಕ್ಕೂ, ತಾನೇ ಜೋಡಿಸಿಕೊಟ್ಟಿದ್ದ ಹಿತ್ತಾಳೆ ನಲ್ಲಿಗಳನ್ನೆಲ್ಲ ಬಿಚ್ಚಿಕೊಂಡು ಹೋಗಿ ತೂಕಕ್ಕೆ ಮಾರಿಬಿಟ್ಟಿದ್ದ. ಎರಡು ತಿಂಗಳ ಶಿಕ್ಷೆಯಾಗಿತ್ತು. ನನ್ನ ನಲ್ಲಿಯೂ ಹೋಗಿದ್ದರಿಂದ ಮೊದಲ ದಿನ ನಾನೇ ಕೂತು, ಅವನು ಉಪ್ಪು ಮರೆತ ಹುಳಿ ಉಂಡು ಬಂದಿದ್ದೆ.

ಆ ದಿನ ಒಳಗಿದ್ದವರು ನಿವೃತ್ತ ಪೋಸ್ಟ್‌ಮಾಸ್ಟರ್ ಕೃಷ್ಣೋಜಿರಾಯರು. ಮೇದಿನಿ ಅವರ ಮುಂದೆ ಕೂತು ಗಂಭೀರವಾಗಿ ಕೇಳಿದಳು. "ನೀವು ಮಾಡಿದ ಅಪರಾಧ?"

"ನಾನಾ? ಏನೂ ಇಲ್ವಲ್ಲಮ್ಮ. ನಲ್ಲಿ ಕದ್ದೋನು ಬೋರಲಿಂಗ. ನಾನು ಅವನ ಮಂಗಳವಾರ."

"ಹಾಗಾದ್ರೆ... ಇಲ್ಲಿ ಇರೋದ್ರಿಂದ ನಿಮಗೆ ಪಶ್ಚಾತ್ತಾಪ ಆಗಿದೆಯಾ? ಹೌದು, ಇಲ್ಲ, ಹೇಳಲಾರೆ, ಇದರಲ್ಲಿ ಒಂದು."

ರಾಯರು ಯೋಚಿಸಿದರು. "ದಿಂಬು ತರಲಿಲ್ಲ ಅಂತ ಪಶ್ಚಾತ್ತಾಪ ಆಗಿದೆ. ಅದನ್ನ ಬರ್ಕೊ."

ಮೇದಿನಿ ಪೆನ್ನು ಮುಚ್ಚಿದಳು. ತನ್ನ ಶಿಕ್ಷೆಗೆ ತಾನೇ ಪೂರ್ತಿ ಕೂತವನು ಒಬ್ಬನಾದರೂ ಬೇಕಿತ್ತು ಅವಳಿಗೆ. ಅಂಥವನು ನಮ್ಮೂರಿನಲ್ಲಿ ನನಗೆ ನೆನಪಿರುವ ಮಟ್ಟಿಗೆ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು, ಬೋರಲಿಂಗ ಬುತ್ತಿ ಹೊತ್ತು ಬಂದ. ಬಿಸಿಲಿಗೋ ನಾಚಿಕೆಗೋ ಮುಖ ಕೆಂಪಗಿತ್ತು. ಜೈಲಿಗೆ ಬರಲು ಇರುವುದು ಕಲ್ಲುಬಾವಿ ಬೀದಿಯೊಂದೇ ದಾರಿ, ಅಲ್ಲಿ ಪ್ರತಿ ಮನೆಯ ಮುಂದೆಯೂ ಬಾಯಿಗೆ ಬಟ್ಟೆ ತುರುಕಿದ ಕೊಳಾಯಿ. ರಾಯರು ತಟ್ಟೆಗೆ ಕೈಯಿಟ್ಟು, "ಏನೋ ಬೋರ, ಪಲ್ಯ ನಲ್ಲಿ ನೀರಿನ ಥರ ಹರೀತಿದೆ. ಓ, ನಮ್ಮನೇಲಿ ನಲ್ಲೀನೇ ಇಲ್ಲ ನೋಡು, ಮರ್ತಿದ್ದೆ" ಎಂದರು. ಬೋರಲಿಂಗ ನೆಲ ನೋಡಿದ. ರಾಯರು ಅಗುಳೂ ಬಿಡದೆ ಉಂಡು, ಕ್ಯಾರಿಯರನ್ನು ತಾವೇ ತೊಳೆದುಕೊಟ್ಟರು. ತೊಳೆದುಕೊಡಬೇಕೆಂದು ಯಾವ ಹಲಗೆಯ ಮೇಲೂ ಬರೆದಿಲ್ಲ.

ಮೇದಿನಿ ಬೋರಲಿಂಗನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡು ತನ್ನ ಪ್ರಾಜೆಕ್ಟಿನ ಕಥೆಯೆಲ್ಲ ಹೇಳಿದಳು. ಮಿಕ್ಕ ದಿನಗಳಿಗೆ ನೀನೇ ಕೂರುವೆಯಾ ಎಂದು ಅಂಜುತ್ತಲೇ ಕೇಳಿದಳು.

"ನಾನೇನಾ? ದಿನಾ?"

"ದಿನಾ."

"ಬುತ್ತಿ ಹೊರಂಗಿಲ್ಲ? ಬೀದೀಲಿ ಬರಂಗಿಲ್ಲ?"

"ಒಳಗೇ ಇದ್ರೆ ಹೆಂಗೆ ಬರ್ತೀಯ?"

"ಮೇಡಂ, ನಿಮ್ಮ ಓದಿಗೆ ಅಂದ್ರೆ ಇಲ್ಲ ಅನ್ನಕ್ಕಾಯ್ತದಾ" ಎಂದ. ಅವನ ಮುಖದಲ್ಲಿ ಹೊಳೆದ ಬೆಳಕನ್ನು ನಾನು ಉಪಕಾರಬುದ್ಧಿ ಎಂದುಕೊಂಡೆ. ಪುಟ್ಟರಂಗಪ್ಪ ಮಫ್ಲರ್ ಸರಿಮಾಡಿಕೊಂಡು, ಅಪರಾಧಿಯೇ ಬೇಡವೆಂದರೆ ಶಿಕ್ಷೆಯಲ್ಲಿ ಬೇರೆಯವರಿಗೆ ಪಾಲು ಕೊಡುವಂತಿಲ್ಲ, ಹಾಗೆ ಬೇಡವೆಂದವನನ್ನು ತಾನು ಕಂಡಿಲ್ಲ, ಆದರೂ ಕಾನೂನಿನಲ್ಲಿ ಅವಕಾಶವಿದೆ ಎಂದ. ಮರುದಿನದಿಂದ, ದಿನ ಗೊತ್ತುಮಾಡಿಕೊಂಡು ಹೆಣಿಗೆ, ಓದುವ ಪುಸ್ತಕ, ದಿಂಬು ಹಿಡಿದು ಬಂದವರನ್ನೆಲ್ಲ ಬೋರಲಿಂಗ ತಾನೇ ಬೇಡವೆಂದು ಗೇಟಿನಿಂದ ವಾಪಸು ಕಳಿಸಿದ.

ಆ ಮೊದಲ ಮಧ್ಯಾಹ್ನವೇ ಪುಟ್ಟರಂಗಪ್ಪ ಓಡುತ್ತ ನಮ್ಮ ಮನೆಗೆ ಬಂದ. "ವನಮಾಲಮ್ಮ, ಎಡವಟ್ಟಾಯ್ತು. ಗಂಟೆ ಹೊಡೆದೆ. ಬುತ್ತಿ ಯಾರೂ ತರಲಿಲ್ಲ. ತರಬೇಕಾದೋನು ಒಳಗವ್ನೆ. ಬಿಟ್ರೆ ಪರಾರಿ, ಬಿಡದಿದ್ರೆ ಉಪವಾಸ."

"ನಾನೇ ಒಂದಿಷ್ಟು ಅನ್ನ ಸಾರು ಕೊಡ್ತೀನಿ, ತಗೊಂಡು ಹೋಗಪ್ಪ."

"ಅದೆಂಗಾಯ್ತದೆ? ಹಲಗೆ ಓದಿಲ್ವಾ ನೀವು? ಯಾರ ದೆಸೆಯಿಂದ ಒಳಗವ್ನೆ ಅಂತ ದಾರಿಯುದ್ದಕ್ಕೂ ಯೋಚನೆ ಮಾಡ್ದೆ. ನಲ್ಲಿ ಕದ್ದಿದ್ದಕ್ಕೆ ಶಿಕ್ಷೆ ಆಯ್ತು, ಸರಿ. ಆದ್ರೆ ಅವನೇ ಕೂತಿರೋದು ಯಾರ ದೆಸೆಯಿಂದ?" ಅವನು ಮೆಟ್ಟಿಲಿಳಿಯುತ್ತಿದ್ದ ಮೇದಿನಿಯ ಕಡೆ ಬೆರಳು ತೋರಿಸಿದ. "ಈಯಮ್ಮನ ದೆಸೆಯಿಂದ."

ಮೇದಿನಿಗೆ ಬರುತ್ತಿದ್ದ ಅಡುಗೆ ನೂಡಲ್ಸ್ ಒಂದೇ. ನಾನು ಮುಟ್ಟುವಂತಿರಲಿಲ್ಲ. ಕೈಯೆರಡನ್ನೂ ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಮಣೆಯ ಮೇಲೆ ಕೂತು, ಬೇಳೆ ತೊಳಿ, ಅದಲ್ಲ, ಅದು ಕಡಲೆಬೇಳೆ, ಉರಿ ಸಣ್ಣ ಮಾಡು ಎನ್ನುತ್ತಿದ್ದೆ. ಅವಳು ಎಣ್ಣೆಯಿಟ್ಟು ಸಾಸಿವೆ ಡಬ್ಬಿ ಹುಡುಕುವಷ್ಟರಲ್ಲಿ ಬಾಣಲೆ ಹೊಗೆಯಾಡಿತು. ಚಟಚಟ ಸದ್ದಾಯಿತು, ಆ ವಾಸನೆ ಎದ್ದಿತು. ಗೋಡೆಯಾಚೆಯಿಂದ ಟೈಲರ್ ಜುಬೇದಾ ತಲೆ ಎತ್ತಿದಳು.

"ಅಕ್ಕಾ, ಯಾರಿಗೆ ಶಿಕ್ಷೆ ಆಯ್ತು?"

"ನಮ್ಮ ಮೇದಿನಿಗೆ."

"ಅಯ್ಯೋ ಪಾಪ, ಎಷ್ಟು ದಿನ?"

"ಅವಳ ಪ್ರಾಜೆಕ್ಟು ಮುಗಿಯೋ ತನಕ."

ಜುಬೇದಾಳ ತಲೆ ಗೋಡೆಯಾಚೆ ಇಳಿಯಿತು. ಹುಡುಗಿ ಕ್ಯಾರಿಯರ್ ಹಿಡಿದು ಹೊರಬೀಳುವ ಹೊತ್ತಿಗೆ ಬಾಗಿಲಲ್ಲಿ ಒಂದು ಛತ್ರಿ ಒರಗಿಸಿಟ್ಟಿತ್ತು.

ಬೋರಲಿಂಗ ಚೆನ್ನಾಗಿ ಉಂಡ. "ಉಪ್ಪು ಒಂಚೂರು ಜಾಸ್ತಿ ಮೇಡಂ. ನಾನು ಮೊದಲ ದಿನ ಹಾಕೇ ಇರಲಿಲ್ಲ, ನೀವೇ ವಾಸಿ" ಎಂದ. ಮೇದಿನಿ ದಿನವೂ ಹೋದಳು. ದಿನವೂ ಅವನು ಉಂಡ ಮೇಲೆ ಪ್ರಶ್ನೆ ಕೇಳಿದಳು. ಪಶ್ಚಾತ್ತಾಪದ ಪ್ರಶ್ನೆಗೆ ಅವನು ಒಮ್ಮೆ ತಲೆ ಕೆರೆದುಕೊಂಡು, "ಮಧ್ಯಾಹ್ನ ನಿದ್ದೆ ಮಾಡೋ ಅಭ್ಯಾಸ ಆಗದೆ ಮೇಡಂ. ಅದಕ್ಕೆ ಯಾವುದ್ರ ಮುಂದೆ ಟಿಕ್ಕು?" ಎಂದನಂತೆ. ಹತ್ತು ಹನ್ನೆರಡು ದಿನಗಳಲ್ಲಿ ಅವನ ಕೆನ್ನೆ ತುಂಬಿಕೊಂಡಿತು. "ನಾಳೆ ಬಸ್ಸಾರು ಆಯ್ತದಾ?" ಎಂದು ಕೇಳತೊಡಗಿದ. ಸೊರಗಿದ್ದು ಮೇದಿನಿ. ದಿನವೂ ಕಲ್ಲುಬಾವಿ ಬೀದಿಯ ಬಿಸಿಲಿನಲ್ಲಿ, ಬಟ್ಟೆ ತುರುಕಿದ ಕೊಳಾಯಿಗಳ ಮುಂದೆ, ಎಲ್ಲರೂ ನೋಡುತ್ತಿರುವಾಗ ನಡೆಯುವವಳು ಅವಳು. ಯಾರೂ ಕೆಟ್ಟ ಮಾತು ಆಡುತ್ತಿರಲಿಲ್ಲ. ಬುತ್ತಿ ಹೊತ್ತವರಿಗೆ ನೆರಳಿನ ಕಡೆ ಬಿಟ್ಟುಕೊಟ್ಟು ತಾವು ಬಿಸಿಲಿಗೆ ಸರಿಯುವುದು ನಮ್ಮ ರೂಢಿ. ಹಾಗೆ ಸರಿದು ನಿಂತವರನ್ನು ನೋಡಿದಾಗಲೇ ಅವಳಿಗೆ ಹೆಚ್ಚು ಸಂಕಟವಾಗುತ್ತಿತ್ತು. "ನಾನೇನೂ ಮಾಡಿಲ್ಲ ಅಜ್ಜಿ, ಆದರೂ ಯಾಕೆ ಹೀಗೆ ಅನ್ನಿಸುತ್ತೆ?" ಎಂದು ಕೇಳುತ್ತಿದ್ದಳು.

ಗೈಡ್ ಸರ್ ಮಾತ್ರ ಫೋನಿನಲ್ಲಿ ಹಿಗ್ಗಿಹೋದರು. ಪೂರ್ತಿ ಶಿಕ್ಷೆ ಅನುಭವಿಸುತ್ತಿರುವ ಬಂಧಿ, ದಿನದಿನದ ಉತ್ತರ, ಯಾವ ಪರಿಣಾಮವೂ ಇಲ್ಲವೆಂಬ ಫಲಿತಾಂಶ, ಎಲ್ಲವೂ ಬಹಳ ಒಳ್ಳೆಯದಂತೆ. ಕೊನೆಯ ದಿನದವರೆಗೆ ಅವನನ್ನು ಅಲುಗಾಡಲು ಬಿಡಬೇಡ ಎಂದರಂತೆ.

ಬೀದಿಯ ತಿರುವಿನಲ್ಲಿ ನಾಗವೇಣಿಯ ದೋಸೆಹಿಟ್ಟಿನ ಅಂಗಡಿ. ಅಳತೆಯ ಮೇಲೆ ಒಂದು ಸೌಟು ಹೆಚ್ಚು ಹಾಕದೆ ಅವಳು ಯಾರ ಪಾತ್ರೆಯನ್ನೂ ವಾಪಸು ಕೊಟ್ಟವಳಲ್ಲ. ಒಂದು ಬುಧವಾರ ಮೇದಿನಿ ಖಾಲಿ ಕ್ಯಾರಿಯರ್ ಹಿಡಿದು ಬರುತ್ತಿದ್ದಳು. ಹಿಟ್ಟು ಕೊಳ್ಳಲು ಹೋಗಿದ್ದ ನಾನೂ ಅಲ್ಲೇ ನಿಂತಿದ್ದೆ. ನಾಗವೇಣಿ ಅವಳನ್ನು ಕರೆದಳು.

"ಬೋರಲಿಂಗನ್ನ ಒಳಗಿಟ್ಕೊಂಡಿರೋಳು ನೀನೇ ಅಲ್ವೇನಮ್ಮ?"

"ಹೌದಕ್ಕ."

"ನಾನು ಅವನ ಗುರುವಾರ ಆಗಬೇಕಿತ್ತು. ಗುರುವಾರ ಅಂಗಡಿ ರಜ. ಶಿಕ್ಷೆ ಆದ ದಿನಾನೇ ಜೈಲರ್‌ಗೆ ಹೇಳಿ ಬಂದಿದ್ದೆ."

ನಾಗವೇಣಿ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೇಳಿದಳು. ಆ ರಾತ್ರಿ ನಲ್ಲಿ ಬಿಚ್ಚಿದ ಮೇಲೆ ಅವಳ ತೊಟ್ಟಿಯ ನೀರೆಲ್ಲ ಬೀದಿಗೆ ಹರಿದುಹೋಯಿತು. ನೆನೆಹಾಕಿದ್ದ ಅಕ್ಕಿ ಉದ್ದನ್ನು ರುಬ್ಬಲು ನೀರಿಲ್ಲ. ಬೆಳಿಗ್ಗೆ ಒಂದು ನಾಮಕರಣದ ಮನೆಗೆ ಹಿಟ್ಟು ಕೊಡಬೇಕಿತ್ತು. ಅಂಗಡಿ ಇಟ್ಟಾಗಿನಿಂದ ತಪ್ಪದ ಮಾತು ಆ ದಿನ ತಪ್ಪಿತು. ಅವರು ಪ್ಯಾಕೆಟ್ ಹಿಟ್ಟು ತರಿಸಿಕೊಂಡರು. ಆಮೇಲೆ ಬೀದಿಯ ಅರ್ಧ ಜನಕ್ಕೆ ಪ್ಯಾಕೆಟ್ಟೇ ಅಭ್ಯಾಸವಾಯಿತು.

"ಹೊಸ ನಲ್ಲಿ ನಾನೇ ಹಾಕಿಸ್ಕೊಂಡೆ, ಅದು ದೊಡ್ಡದಲ್ಲ. ಇದೆಲ್ಲ ಅವನಿಗೆ ಗೊತ್ತಿಲ್ಲ ನೋಡು. ಅವನ ಲೆಕ್ಕದಲ್ಲಿ ಒಂದು ನಲ್ಲಿ, ಒಂದಿಷ್ಟು ಹಿತ್ತಾಳೆ. ಅವನ ಅನ್ನ ಉಣ್ತಾ ಉಣ್ತಾ ಹೇಳೋಣ ಅಂತ ಮನಸ್ಸಲ್ಲೇ ಜೋಡಿಸಿಟ್ಕೊಂಡಿದ್ದೆ."

"ನಾನು ಹೇಳ್ತೀನಿ ಅಕ್ಕ. ನೀವು ಹೇಳಿದ ಹಾಗೇ ಹೇಳ್ತೀನಿ."

"ನಿನಗೆ ಹೇಳಿದ್ದಕ್ಕೆ ನಿನ್ನ ಮುಖ ಚಿಕ್ಕದಾಯ್ತು. ಅದನ್ನ ನೋಡಿ ನಾನೇನು ಮಾಡಲಿ ತಾಯಿ" ಎಂದಳು ನಾಗವೇಣಿ. ಎಂದವಳೇ ನನ್ನ ಪಾತ್ರೆಗೆ ಒಂದಲ್ಲ, ಎರಡು ಸೌಟು ಹೆಚ್ಚು ಹಾಕಿದಳು. "ಮನೇಲಿ ಹುಡುಗಿ ಇದ್ದಾಳಲ್ಲ" ಎಂದಳು ನನಗೆ ಮಾತ್ರ ಕೇಳುವ ಹಾಗೆ.

ಸಂಜೆ ಮೇದಿನಿ ಜಗಲಿಯ ಮೇಲೆ ಮಂಡಿಗೆ ಗದ್ದ ಊರಿ ಕೂತಿದ್ದಳು. ನಾನು ಹೂಕೋಸು ಹೆಚ್ಚುತ್ತಿದ್ದೆ.

"ಅಜ್ಜಿ, ನಾನು ಈ ಊರಲ್ಲಿ ಏನಾದರೂ ಕದ್ದಿದ್ದೀನಾ?"

ಇಲ್ಲ ಮಗಳೇ ಎನ್ನಬಹುದಿತ್ತು. ಅವಳು ಓದಿದ ಹುಡುಗಿ, ನಾನೂ ಒಂದಷ್ಟು ಓದಿದವಳು. "ಒಂದು ಗುರುವಾರ" ಎಂದೆ.

ಅವಳು ಎದ್ದು ಮಹಡಿಗೆ ಹೋಗಿ ಗೈಡ್ ಸರ್‌ಗೆ ಫೋನು ಮಾಡಿದಳು. ಅವರ ಮಾತು ನನಗೆ ಕೇಳಿಸಲಿಲ್ಲ, ಇವಳದು ಕೇಳಿಸಿತು. "ಗೊತ್ತು ಸರ್... ಇದೇ ಕೊನೇ ಅವಕಾಶ ಅಂತ ಗೊತ್ತು ಸರ್... ಇಲ್ಲ, ಅವನು ಬಿಡ್ತಿಲ್ಲ, ನಾನೇ ಬಿಡಿಸ್ತಿದೀನಿ... ಏನು ಬರೀತೀನಿ ಅಂದ್ರೆ... ಬಿಡಿಸಿದ್ದನ್ನೇ ಬರೀತೀನಿ ಸರ್." ಸ್ವಲ್ಪ ಹೊತ್ತಿನ ಮೇಲೆ ಕೆಳಗಿಳಿದು ಬಂದಳು. "ಏನಂದರು?" ಎಂದು ಕೇಳಿದೆ. "ಫೋನ್ ಇಟ್ಟರು" ಎಂದು, ನನ್ನ ಕೈಯಿಂದ ಈಳಿಗೆಮಣೆ ಎಳೆದುಕೊಂಡು ಹೆಚ್ಚತೊಡಗಿದಳು. ಹೋಳುಗಳು ಒಂದೊಂದು ಒಂದೊಂದು ಆಕಾರಕ್ಕೆ ಬಿದ್ದವು.

ಆ ಪ್ರಾಜೆಕ್ಟು ಕೊನೆಗೆ ಪಾಸಾಯಿತು. ಅದೂ ಅಂಚಿನಲ್ಲಿ. ಒಂದು ಪ್ರತಿಯನ್ನು ನನಗೂ ಕಳಿಸಿದ್ದಳು. ಉತ್ತರಿಸಿದವನು ಒಬ್ಬನೇ, ಅವನೂ ಅರ್ಧಕ್ಕೇ ಬಿಟ್ಟುಹೋಗಿದ್ದಾನೆ, ಅಡುಗೆಯ ವಿವರ ಅಗತ್ಯಕ್ಕಿಂತ ಹೆಚ್ಚಾಗಿದೆ ಎಂದು ಪರೀಕ್ಷಕರು ಅದರ ಕೊನೆಯಲ್ಲಿ ಬರೆದಿದ್ದಾರೆ. ಆದರೆ ಆ ಸಂಜೆ ಇದೊಂದೂ ನಮಗೆ ಗೊತ್ತಿರಲಿಲ್ಲ. ಎಂ.ಎ. ಮುಳುಗಿತೆಂದೇ ಇಬ್ಬರೂ ಅಂದುಕೊಂಡು ಹೂಕೋಸಿನ ಪಲ್ಯ ತಿಂದೆವು.

ಬೆಳಿಗ್ಗೆ ನಾನು ನಾಗವೇಣಿಯ ಮನೆಯ ಮುಂದೆ ಹಾದುಹೋಗುತ್ತ, "ಇವತ್ತು ಗುರುವಾರ ಅಲ್ವಾ?" ಎಂದಷ್ಟೇ ಕೇಳಿದೆ. ಅವಳು, "ಅದೇ ಅಂತ ಕಾಣುತ್ತೆ" ಎಂದಳು.

ಮೇದಿನಿ ಬರಿಗೈಯಲ್ಲಿ ಗೇಟಿನ ಮುಂದೆ ನಿಂತು, ತನ್ನ ಪ್ರಾಜೆಕ್ಟು ಮುಗಿಯಿತೆಂದು ಪುಟ್ಟರಂಗಪ್ಪನಿಗೆ ಹೇಳಿದಳು. ಪುಟ್ಟರಂಗಪ್ಪ ಹಲಗೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. ಕಾನೂನು ಅವನ ಮುಖದಲ್ಲಿ ನಿಧಾನವಾಗಿ ಬೆಳಗಾದ ಹಾಗೆ ಬೆಳಗಿತು.

"ಬೋರಲಿಂಗಾ, ಬಾರೋ ಇಲ್ಲಿ. ಈಯಮ್ಮನ ಕೆಲಸ ಮುಗೀತಂತೆ. ಇನ್ಮೇಲೆ ನೀನು ಯಾರ ದೆಸೆಯಿಂದ ಒಳಗಿದ್ದೀಯ?"

"ನಂದೇ ದೆಸೆಯಿಂದ ಅನ್ಕೊಳ್ಳಿ."

"ಹಾಗಾದ್ರೆ ಬುತ್ತಿ ನೀನೇ ಬೇಯಿಸಿ ತರಬೇಕು. ಒಳಗಿದ್ರೆ ತರಕ್ಕಾಗಲ್ಲ. ಹೊರಗೆ ನಡಿ."

ಬೋರಲಿಂಗ ಸರಳು ಹಿಡಿದುಕೊಂಡ. ಜೈಲಿನಿಂದ ಹೊರಗೆ ಹಾಕಬೇಡಿ ಎಂದು ಒಬ್ಬ ಮನುಷ್ಯ ಅಂಗಲಾಚುವುದನ್ನು ನಾನು ಕಂಡದ್ದು ಅದೇ ಮೊದಲು. "ನನ್ನ ಪಾಡಿಗೆ ನಾನಿವ್ನಿ ಸ್ವಾಮಿ. ಊಟ ಬ್ಯಾಡ ಬೇಕಾದ್ರೆ."

"ಏಳೋ, ಇದೇನು ನಿನ್ನ ಮಾವನ ಮನೆಯಾ?"

"ಮೇಡಂ, ನಾನೇನು ತಪ್ಪು ಮಾಡ್ದೆ? ಕೇಳಿದ್ದಕ್ಕೆಲ್ಲ ಉತ್ತರ ಹೇಳ್ಲಿಲ್ವಾ?"

"ಹೇಳಿದೆ ಬೋರಲಿಂಗ. ಕೇಳಿದ್ದೇ ತಪ್ಪು ಜಾಗದಲ್ಲಿ" ಎಂದಳು ಮೇದಿನಿ.

ಅವನು ಹೊರಗೆ ಬಂದು ಸುತ್ತ ನೋಡಿದ. ಆಗ ಅವನಿಗೆ ಇನ್ನೊಂದು ಹೊಳೆಯಿತು. ಅವನು ಹೊರಬಂದರೆ ಒಳಗೆ ಇನ್ನೊಬ್ಬರು ಹೋಗಬೇಕು. ಗೇಟಿನ ಮುಂದೆ ಯಾರೂ ಇರಲಿಲ್ಲ. ದಿಂಬು ಹಿಡಿದು ಬಂದವರನ್ನೆಲ್ಲ ಬೇಡವೆಂದು ಕಳಿಸಿದವನು ಅವನೇ. ಮತ್ತೆ ಯಾರು ಬರುತ್ತಾರೆ? ಅವನ ತುಂಬಿದ ಕೆನ್ನೆ ಇಳಿದುಹೋಯಿತು. "ನನಗೆ ಯಾರೂ ಇಲ್ವಲ್ಲ" ಎಂದ, ಯಾರಿಗೂ ಅಲ್ಲ ಎಂಬಂತೆ.

ಮೇದಿನಿ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕಾಲಿಟ್ಟಳು. ಅಷ್ಟರಲ್ಲಿ ಹಿಂದಿನಿಂದ, "ತಡಿಯಮ್ಮ" ಎಂಬ ದನಿ. ಬಿಡಿಸಲು ಒಂದು ಮೊರ ಬೆಳ್ಳುಳ್ಳಿ ಕಂಕುಳಲ್ಲಿಟ್ಟುಕೊಂಡು, ತೊಳೆದ ಸೀರೆಯುಟ್ಟು, ನಾಗವೇಣಿ ಬರುತ್ತಿದ್ದಳು.

"ನೀನು ಬೇಕಾದ್ರೆ ನಾಳೆ ಕೂತ್ಕೊ. ನಾನು ಇವನ ಗುರುವಾರ."

ಅವಳು ಒಳಗೆ ಹೋದಳು, ಪುಟ್ಟರಂಗಪ್ಪ ಗೇಟು ಹಾಕಿದ. ಮಧ್ಯಾಹ್ನದವರೆಗೆ ನಾನೂ ಮೇದಿನಿಯೂ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತೆವು. ಬಿಸಿಲು ಬರುತ್ತಿದ್ದಂತೆ ಪುಟ್ಟರಂಗಪ್ಪ ತನ್ನ ಮಫ್ಲರನ್ನು ಬಿಚ್ಚಿ, ಕಾದ ಕಲ್ಲಿನ ಮೇಲೆ ನನಗೆ ಹಾಸಿಕೊಟ್ಟ. ಮೇದಿನಿಯ ಚೀಲದಲ್ಲಿ ಪ್ರಶ್ನಾವಳಿಗಳಿದ್ದವು. ಅವಳು ತೆಗೆಯಲಿಲ್ಲ.

ಗಂಟೆ ಹೊಡೆಯಿತು. ಬೋರಲಿಂಗ ಕಾಣಿಸುವ ಮೊದಲೇ ಬೀದಿಯ ತಿರುವಿನಿಂದ ವಾಸನೆ ಬಂತು. ಇಷ್ಟು ದಿನದಲ್ಲಿ ಅಡುಗೆಯ ಕೈ ತಪ್ಪಿಹೋಗಿತ್ತು ಪಾಪ, ಸಾಸಿವೆ ಮತ್ತೆ ಸೀದಿತ್ತು. ಆಮೇಲೆ ಅವನು ಕಂಡ. ಕಲ್ಲುಬಾವಿ ಬೀದಿಯ ಮನೆಗಳ ಮುಂದೆ ಜನ ನಿಂತಿದ್ದರು. ಕೃಷ್ಣೋಜಿರಾಯರು ನೆರಳು ಬಿಟ್ಟುಕೊಟ್ಟು ಬಿಸಿಲಿಗೆ ಸರಿದರು. ಅವನು ಪ್ರತಿ ಕೊಳಾಯಿಯನ್ನೂ ದಾಟಿ, ಬಾಗಿಲು ಮುಚ್ಚಿದ ಹಿಟ್ಟಿನ ಅಂಗಡಿಯನ್ನೂ ದಾಟಿ, ಗೇಟಿನ ಹತ್ತಿರ ಬಂದ.

ಕಿಂಡಿಯಾಚೆ ನಾಗವೇಣಿ ಬೆಳ್ಳುಳ್ಳಿ ಸಿಪ್ಪೆ ಕೊಡವಿಕೊಂಡು ಎದ್ದು ನಿಂತಳು. ಇಷ್ಟು ದಿನ ಜೋಡಿಸಿಟ್ಟುಕೊಂಡ ಮಾತೆಲ್ಲ ಅವಳ ಮುಖದಲ್ಲಿತ್ತು. ಹೇಳಲು ಇಡೀ ಮಧ್ಯಾಹ್ನವೂ ಇತ್ತು. ಬೋರಲಿಂಗ ಪಂಚೆಯ ತುದಿಯಿಂದ ಕ್ಯಾರಿಯರಿನ ಮಸಿ ಒರೆಸಿ, ಅದನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಚಾಚಿದ.